ಮಗಳಿಗೊಂದು ಒಡವೆ ಪೆಟ್ಟಿಗೆ

ಮದುವೆಯಾಗಿ ಹೊರಡುವ ಮಗಳಿಗೆ ತಮ್ಮ ಕೈಯಿಂದಲೇ ಮಾಡಿದ ಒಡವೆ ಪೆಟ್ಟಿಗೆ ಕೊಡುವ ಆಸೆ ಹಲವರಿಗುಂಟು. ಆದರೆ ಮೊದಲ ಬೇಸಿಗೆಯಲ್ಲೇ ಅದರ ತಳ ಸೀಳಿದರೆ?

ಕಡಿದ ಮರವೂ ಸುಮ್ಮನಿರುವುದಿಲ್ಲ. ಚಿಕ್ಕಬಾಣಾವರದ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ. ಮಾರ್ಚಿ ತಿಂಗಳ ಒಣಹವೆಗೆ ಕುಗ್ಗುತ್ತದೆ. ಈ ಏರಿಳಿತ ಎಳೆಯ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ತೀರ ಕಡಮೆ.

ಆದುದರಿಂದ ಚೆನ್ನಾಗಿ ಒಣಗಿದ ತೇಗವನ್ನೇ ಆರಿಸಬೇಕು. ಪಕ್ಕದ ಹಲಗೆಗಳ ಒಳಮೈಯಲ್ಲಿ ತೋಡು ಕೊರೆದು, ನಾಲ್ಕನೆಯ ಪಕ್ಕ ಕೂಡಿಸುವ ಮೊದಲೇ ತಳದ ಹಲಗೆಯನ್ನು ಅದರಲ್ಲಿ ತೂರಿಸಿ. 6 ಅಂಗುಲ ಅಗಲದ ತಳಕ್ಕೆ ಅಡ್ಡಬದಿಗಳಲ್ಲಿ ಒಂದೊಂದು ಮಿಲಿಮೀಟರು ಎಡೆಯಿರಲಿ. ಅಂಟು ಮೂಲೆಗಳಿಗೆ ಮಾತ್ರ, ತಳಕ್ಕೆ ಬೇಡ.

ಒಳಗೆ ಹತ್ತಿಯ ಬಟ್ಟೆ ಹಾಸಿರಿ. ಉಣ್ಣೆಯಲ್ಲಿರುವ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ.

ಮರಕ್ಕೆ ಉಸಿರಾಡಲು ಎಡೆಯಿದ್ದರೆ ಪೆಟ್ಟಿಗೆ ಮೊಮ್ಮಗಳ ಕೈಗೂ ಸೇರೀತು.