ಕಥೆಗೊಂದು ಗಂಟೆ

ನಮ್ಮ ಮನೆಯಲ್ಲಿ ಭಾನುವಾರ ರಾತ್ರಿ ಎಂಟು ಗಂಟೆಯೆಂದರೆ ಕಥೆಯ ಹೊತ್ತಾಗಿತ್ತು. ತಿಪಟೂರಿನಿಂದ ನನ್ನ ತಾಯಿ ಫೋನಿನಲ್ಲಿ ಕಥೆ ಹೇಳುವರು. ಇಲ್ಲಿ ಚೆನ್ನೈಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯ ಚಾಪೆಯ ಮೇಲೆ ಮಲಗಿ ನನ್ನ ಮಗಳು ಹೂಂಗುಟ್ಟುವಳು. ಹೂಂ ಎನ್ನುವುದು ನಿಂತಿತೆಂದರೆ ನಿದ್ದೆ ಬಂತೆಂದು ಅರ್ಥ. ಆಗ ನನ್ನ ತಾಯಿ, "ಮಲಗಿತೇನೋ ಕೂಸು? ಚೆನ್ನಾಗಿ ಹೊದಿಸು," ಎಂದು ಹೇಳಿ ಫೋನ್ ಇಡುವರು. ಮಗಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ನಮ್ಮ ಮನೆಯ ಕನ್ನಡವೋ, "ಬೇಗ ಊಟ ಮಾಡು, ಹೋಂವರ್ಕ್ ಮುಗಿಸು" ಎಂಬುದನ್ನು ದಾಟುವುದು ಅಪರೂಪ. ತುಂಬು ಕನ್ನಡ ಅವಳ ಕಿವಿಗೆ ಬೀಳುತ್ತಿದ್ದುದು ಆ ಅರ್ಧ ಗಂಟೆಯಲ್ಲಿಯೇ.

ಹೋದ ವರ್ಷ ನನ್ನ ತಾಯಿ ತೀರಿಕೊಂಡರು. ಕೆಲವು ವಾರ ಕಳೆದ ಮೇಲೆ ಒಂದು ರಾತ್ರಿ ಮಗಳು, "ಅಪ್ಪಾ, ಅಜ್ಜಿಯ ಕಾಗಕ್ಕ ಗುಬ್ಬಕ್ಕನ ಕಥೆ ನೀನೇ ಹೇಳು," ಎಂದಳು. ಆರಂಭಿಸಿದೆ. ಕಾಗಕ್ಕನ ಸಗಣಿಯ ಮನೆ ಮಳೆಗೆ ಕರಗಿಹೋಯಿತು, ಗುಬ್ಬಕ್ಕನ ಕಲ್ಲಿನ ಮನೆ ಉಳಿಯಿತು. ಕಾಗಕ್ಕ ನೆನೆದುಕೊಂಡು ಬಂದು ಬಾಗಿಲು ತಟ್ಟಿದಳು. ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ ಎಂದಳು ಗುಬ್ಬಕ್ಕ, ನೀರೆರೆಯುತ್ತಿದ್ದೇನೆ ಎಂದಳು, ತೊಟ್ಟಿಲು ತೂಗುತ್ತಿದ್ದೇನೆ ಎಂದಳು. ಅಲ್ಲಿಗೆ ನನ್ನ ನೆನಪು ನಿಂತುಹೋಯಿತು. ಕೊನೆಗೆ ಬಾಗಿಲು ತೆರೆದಳೋ, ಇಲ್ಲವೋ? ನನ್ನ ತಾಯಿ ಅದನ್ನು ಹೇಗೆ ಮುಗಿಸುತ್ತಿದ್ದರೆಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮಗಳಿಗೂ ಗೊತ್ತಿಲ್ಲ, ಅಷ್ಟು ಹೊತ್ತಿಗೆ ಅವಳಿಗೆ ಯಾವಾಗಲೂ ನಿದ್ದೆ ಹತ್ತಿರುತ್ತಿತ್ತು. ದಿನವಿಡೀ ಕಚೇರಿಯಲ್ಲಿ ಹಳೆಯ ಕಡತಗಳನ್ನು ಹುಡುಕಿ ತೆಗೆಯುವ ನನಗೆ, ಮನೆಯ ಒಂದು ಕಥೆಯನ್ನು ಕಾದಿಡುವುದು ಆಗಿರಲಿಲ್ಲ.

ನಾಚಿಕೆಯಿಂದ ಮನುಷ್ಯ ಮಾಡುವ ಕೆಲಸಗಳು ಸಾಮಾನ್ಯವಾಗಿ ತಪ್ಪೇ ಆಗುತ್ತವೆ. ನಾನು ಊರಿಗೆ ಹೋದಾಗ ಒಂದು ಚೀಲದ ತುಂಬ ಕನ್ನಡ ಮಕ್ಕಳ ಪುಸ್ತಕ ತಂದೆ. ದಿನಕ್ಕೊಂದು ಪುಟ ಓದಲೇಬೇಕು, ಒಂದು ಪುಟ ಕಾಪಿ ಬರೆಯಲೇಬೇಕು ಎಂದು ಕಟ್ಟುಮಾಡಿದೆ. ಎರಡು ತಿಂಗಳಲ್ಲಿ ಮಗಳು ಕನ್ನಡ ಪುಸ್ತಕ ಕಂಡರೆ ಹೊಟ್ಟೆನೋವು ಎನ್ನತೊಡಗಿದಳು. "ಮಗೂನ ಹೆದರಿಸಿ ಭಾಷೆ ಕಲಿಸೋದು ಯಾವ ಶಾಸ್ತ್ರ?" ಎಂದು ನಮ್ಮಾಕೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಿವಿ ಮೊದಲು, ಕಣ್ಣು ಆಮೇಲೆ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಶಾಖಾ ಗ್ರಂಥಾಲಯವಿದೆ. ರಜೆಯ ದಿನ ಪತ್ರಿಕೆ ಓದಲು ನಾನು ಹೋಗುವುದುಂಟು. ಒಂದು ಶನಿವಾರ ಮಗಳನ್ನೂ ಕರೆದೊಯ್ದೆ. ಹಿಂದಿನ ಕೋಣೆಯಲ್ಲಿ ಜಮಖಾನೆ ಹಾಸಿ, ಹದಿನೈದು ಮಕ್ಕಳನ್ನು ಅರ್ಧಚಂದ್ರಾಕಾರವಾಗಿ ಕೂರಿಸಿಕೊಂಡು ಗ್ರಂಥಪಾಲಕಿ ಕಥೆ ಹೇಳುತ್ತಿದ್ದರು. ಪಂಚತಂತ್ರದ ನರಿ ಮತ್ತು ನಗಾರಿಯ ಕಥೆ, ಹೇಳುತ್ತಿದ್ದುದು ತಮಿಳಿನಲ್ಲಿ. ಮಗಳು ನನ್ನ ಕೈಬಿಟ್ಟು ಹೋಗಿ ಕುಳಿತಳು. ಇಪ್ಪತ್ತು ನಿಮಿಷದಲ್ಲಿ ಕಥೆ ಮುಗಿಯಿತು. ಆಕೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ನೀತಿಯನ್ನೂ ಹೇಳಲಿಲ್ಲ. ಪಕ್ಕದ ಮಣೆಯ ಮೇಲೆ ಮೊದಲೇ ಹರವಿಟ್ಟಿದ್ದ ಏಳೆಂಟು ಚಿತ್ರದ ಪುಸ್ತಕಗಳ ಕಡೆ ಕೈ ತೋರಿಸಿ ಸುಮ್ಮನಾದರು. ಮಕ್ಕಳು ಅದರ ಮೇಲೆ ಬಿದ್ದರು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು ತಾನಾಗಿಯೇ ಶುರುಮಾಡಿದಳು: "ಅಪ್ಪಾ, ನರಿಗೆ ಹೆದರಿಕೆ ಆಯ್ತು. ಅಪ್ಪುರಂ ಮೆಲ್ಲ ಹತ್ತಿರ ಹೋಗಿ ನೋಡ್ತು." ಆ 'ಅಪ್ಪುರಂ' ತಮಿಳು, ಉಳಿದದ್ದೆಲ್ಲ ಕನ್ನಡ! ಎರಡು ತಿಂಗಳ ಕಾಪಿ ಪುಸ್ತಕ ಮಾಡದ್ದನ್ನು ಇಪ್ಪತ್ತು ನಿಮಿಷದ ಕಥೆ, ಅದೂ ಬೇರೆ ಭಾಷೆಯ ಕಥೆ, ಮಾಡಿತ್ತು. ನಾನು ಹಿಂದುಮುಂದು ಮಾಡಿದ್ದೆನೆಂಬುದು ಆಗ ಗೊತ್ತಾಯಿತು. ಕಥೆ ಮೊದಲು ಕಿವಿಗೆ ಇಳಿಯಬೇಕು. ಕಣ್ಣಿನ ಕೆಲಸ ಆಮೇಲೆ. ಓದಲು ಬಾರದ ಮಗುವೂ ಕೇಳಬಲ್ಲದು. ಕೇಳಿದ ಕಥೆಯ ಪುಸ್ತಕ ಕೈಗೆ ಸಿಕ್ಕಾಗ ಅದು ಅಪರಿಚಿತವೆನಿಸುವುದಿಲ್ಲ. ಹೊರನಾಡಿನ ನಮ್ಮ ಮಕ್ಕಳಿಗಂತೂ ಕೇಳುವ ಕನ್ನಡದಿಂದ ಓದುವ ಕನ್ನಡಕ್ಕೆ ದಾಟಲು ಇದಕ್ಕಿಂತ ಸುಲಭವಾದ ಸಂಕ ಇನ್ನೊಂದಿಲ್ಲ.

ಈ ಏರ್ಪಾಡು ಬೆಳೆದು ಬಂದ ಬಗೆ

ಗ್ರಂಥಾಲಯವೆಂದರೆ ಮಾತನಾಡಬಾರದ ಜಾಗ ಎಂದು ತಿಳಿದ ನಮಗೆ ಅಲ್ಲಿ ಕಥೆ ಹೇಳುವುದು ಹೊಸದಾಗಿ ಕಾಣಬಹುದು. ಹೊಸದೇನೂ ಅಲ್ಲ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬಾರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿ ಸಂಸ್ಥಾನದಲ್ಲೆಲ್ಲ ಗ್ರಂಥಾಲಯಗಳ ಏರ್ಪಾಡು ಮಾಡಿಸಿದರು. ಅಲ್ಲಿನ ಕೇಂದ್ರ ಗ್ರಂಥಾಲಯದಲ್ಲಿ ಮಕ್ಕಳಿಗೆಂದೇ ಒಂದು ಕೋಣೆ ಇತ್ತು. ಯುನೆಸ್ಕೋ ನೆರವಿನಿಂದ ಕಟ್ಟಿದ ದೆಹಲಿ ಪಬ್ಲಿಕ್ ಲೈಬ್ರರಿಯನ್ನು 1951ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಅದರ ಮಕ್ಕಳ ವಿಭಾಗದಲ್ಲಿ ಪುಸ್ತಕ ಕೊಡುವುದರ ಜೊತೆಗೆ ಕಥೆ, ನಾಟಕಗಳೂ ನಡೆದವು.

ನಾನಿರುವ ಊರಿಗೂ ಈ ವಿಷಯದಲ್ಲಿ ಹಿರಿಮೆಯಿದೆ. ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಆ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರ ಗುರುಗಳಾದ ಬೆರ್ವಿಕ್ ಸೇಯರ್ಸ್ ಕ್ರಾಯ್ಡನ್ ಪಟ್ಟಣದ ಗ್ರಂಥಪಾಲರು, ಮಕ್ಕಳ ಗ್ರಂಥಾಲಯಗಳನ್ನು ಕುರಿತು ಪುಸ್ತಕ ಬರೆದವರು. ಹಿಂದಿರುಗಿದ ರಂಗನಾಥನ್ 1931ರಲ್ಲಿ ತಮ್ಮ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗನಿಗೆ ಅವನ ಪುಸ್ತಕ ಸಿಕ್ಕಬೇಕು, ಪುಸ್ತಕಕ್ಕೂ ಅದರ ಓದುಗ ಸಿಕ್ಕಬೇಕು ಎಂಬುದು ಅವುಗಳಲ್ಲಿ ಎರಡರ ಸಾರ. ಅವರ ದುಡಿಮೆಯ ಫಲವಾಗಿ 1948ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಗ್ರಂಥಾಲಯ ಕಾನೂನು ಬಂತು. ಸ್ವತಂತ್ರ ಭಾರತದಲ್ಲಿ ಅದೇ ಮೊದಲನೆಯದು. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಚೆನ್ನೈಯ ಕೋಟ್ಟೂರುಪುರದಲ್ಲಿ 2010ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಒಂದು ದೊಡ್ಡ ಕೃತಕ ಮರವನ್ನೇ ನಿಲ್ಲಿಸಿದ್ದಾರೆ. ಮಕ್ಕಳು ಅದನ್ನು ನೋಡುತ್ತಲೇ ಓಡುವುದನ್ನು ಕಾಣಬೇಕು!

ನಮ್ಮ ನಾಡೂ ಸುಮ್ಮನಿಲ್ಲ. 1965ರ ಗ್ರಂಥಾಲಯ ಕಾನೂನಿನಂತೆ ಕರ್ನಾಟಕದಲ್ಲಿ ಮನೆಗಂದಾಯದ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಸೋಂಕಿನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಗಿ, ಐದು ಸಾವಿರಕ್ಕೂ ಹೆಚ್ಚು ಹಳ್ಳಿಯ ಗ್ರಂಥಾಲಯಗಳ ಬಾಗಿಲು 6ರಿಂದ 18 ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ತೆರೆಯಿತು. ಕಥೆ ಹೇಳುವುದು, ಗಟ್ಟಿಯಾಗಿ ಓದುವುದು, ಚಿತ್ರ ಬರೆಯುವುದು ಎಲ್ಲವೂ ಅಲ್ಲಿ ಸೇರಿವೆ.

ಕಪಾಟಿನಲ್ಲಿದ್ದರೆ ಸಾಲದು

ಹೊರನಾಡಿನವರಾದ ನಾವು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. 1954ರ ಒಂದು ಕಾನೂನಿನಂತೆ ಭಾರತದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ ನಾಲ್ಕು ಗ್ರಂಥಾಲಯಗಳಿಗೆ ಕಳುಹಿಸಬೇಕು: ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈಯ ಕನ್ನೆಮರಾ, ಮುಂಬಯಿ ಟೌನ್‌ಹಾಲಿನ ಸೆಂಟ್ರಲ್ ಲೈಬ್ರರಿ, ದೆಹಲಿ ಪಬ್ಲಿಕ್ ಲೈಬ್ರರಿ. ಎಂದರೆ ಕನ್ನಡದ ಮಕ್ಕಳ ಪುಸ್ತಕಗಳೂ ಈ ಊರುಗಳಿಗೆ ಬರಬೇಕೆಂದಾಯಿತು. ಆದರೆ ಕಾದಿಡುವ ಪುಸ್ತಕ ಬೇರೆ, ಮಗುವಿನ ಮಡಿಲಿಗೆ ಬರುವ ಪುಸ್ತಕ ಬೇರೆ. ಪುಸ್ತಕಕ್ಕೂ ಮಗುವಿಗೂ ನಡುವೆ ಕಥೆ ಹೇಳುವ ಒಬ್ಬ ಮನುಷ್ಯ ಬೇಕು.

ಆ ಮನುಷ್ಯ ನಾನೇ ಆಗಬೇಕಾಗಿ ಬಂತು. "ನಿಮ್ಮ ಭಾಷೆಯಲ್ಲೂ ಒಂದು ದಿನ ಹೇಳಿ ಸಾರ್," ಎಂದರು ಗ್ರಂಥಪಾಲಕಿ. ಸಂಘದ ಮಿತ್ರರಿಂದ ವಿಳಾಸ ತಿಳಿದು ಸುತ್ತಮುತ್ತಲಿನ ನಾಲ್ಕು ಕನ್ನಡ ಮಕ್ಕಳನ್ನು ಕರೆದೆ. ನನ್ನ ಮಗಳು ಐದನೆಯವಳು. ತಮಿಳು ಮಕ್ಕಳು ಎದ್ದು ಹೋಗುವರೆಂದುಕೊಂಡಿದ್ದೆ; ಒಬ್ಬರೂ ಹೋಗಲಿಲ್ಲ. ಆಡಿಟ್ ಪಾರ್ಟಿಯ ಮುಂದೆ ಕುಳಿತಾಗಲೂ ನಾನು ಅಷ್ಟು ಬೆವರಿದ್ದಿಲ್ಲ. ನನಗೆ ಬರುತ್ತಿದ್ದುದು ಒಂದೇ ಕಥೆ. ಕಾಗಕ್ಕ ಬಂದು ಬಾಗಿಲು ತಟ್ಟುವಲ್ಲಿ ನೆಲವನ್ನು ತಟ್ಟಿದೆ. ಎರಡನೆಯ ಸಲ ಹದಿನೈದು ಮಕ್ಕಳೂ ನನ್ನ ಜೊತೆ ತಟ್ಟಿದರು. ಎಣ್ಣೆ, ನೀರು, ತೊಟ್ಟಿಲು ಮುಗಿದವು. ನಾನು ಸುಮ್ಮನಾದೆ. "ಅಪ್ಪುರಂ?" ಎಂದಿತು ಒಂದು ಚಿಕ್ಕ ತಮಿಳು ಹುಡುಗ. ಸುಳ್ಳು ಹೇಳಲಾರದೆ, "ಮುಂದಿನದು ನಮ್ಮ ಅಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ," ಎಂದೆ. ಮಕ್ಕಳಲ್ಲಿ ಜಗಳವೇ ಹತ್ತಿತು. ತೆರೆಯುವುದಿಲ್ಲ ಎಂದವರು ಕೆಲವರು, ಕಿಟಕಿಯಿಂದ ಬರಲಿ ಎಂದವರು ಕೆಲವರು. ನನ್ನ ಮಗಳು, "ತೆರೀತಾಳೆ ಅಪ್ಪಾ. ಮಳೆ ಬರ್ತಾ ಇದೆಯಲ್ಲ," ಎಂದಳು.

ಹೊಟ್ಟೆನೋವು ಬರಿಸುತ್ತಿದ್ದ ಪುಸ್ತಕಗಳಲ್ಲಿ ಆರನ್ನು ಅಂದು ತೆಗೆದುಕೊಂಡು ಹೋಗಿ ಮಣೆಯ ಮೇಲೆ ಹರವಿದ್ದೆ. ಆ ಶಾಖೆಯಲ್ಲಿ ಕನ್ನಡ ಪುಸ್ತಕಗಳಿರಲಿಲ್ಲ. ಮಗಳು ಒಂದನ್ನು ಎತ್ತಿಕೊಂಡು, ತನಗಿಂತ ಚಿಕ್ಕ ಹುಡುಗಿಗೆ ಬೆರಳಿಟ್ಟು ಓದಿದಳು. ಎರಡು ಪುಟ ಆಯಿತು. ಮೂರನೆಯದರಲ್ಲಿ ಒತ್ತಕ್ಷರ ಬಂತು, ಮುಚ್ಚಿಟ್ಟಳು. ನಾನೂ ಓದು ಎಂದು ಒತ್ತಾಯ ಮಾಡಲಿಲ್ಲ.

ನಾವು ಮಾಡಬಹುದಾದದ್ದು

ಗುಮಾಸ್ತನಾದ ನಾನು ಕೊಡಬಲ್ಲ ಸಲಹೆ ಮೊದಲು ಅರ್ಜಿಯದು. ಬೀದಿಯ ಕನ್ನಡ ಮಕ್ಕಳೆಷ್ಟು, ಯಾವ ದಿನ ಯಾವ ಹೊತ್ತು ಅನುಕೂಲ, ಕಥೆ ಹೇಳುವವರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಹತ್ತಿರದ ಗ್ರಂಥಾಲಯಕ್ಕೆ ಕೊಡಿ. "ಕನ್ನಡಕ್ಕೆ ಸ್ಥಾನ ಬೇಕು" ಎಂದರೆ ಕಡತ ಮಲಗುತ್ತದೆ. "ಮೊದಲ ಶನಿವಾರ ನಾಲ್ಕು ಗಂಟೆಗೆ ಕೋಣೆ ಬೇಕು" ಎಂದರೆ ಎದ್ದು ಕೂರುತ್ತದೆ. ತಮಿಳುನಾಡಿನಲ್ಲಿ ಮನೆಯ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರಿದೆ. ಬಾಡಿಗೆಯ ರೂಪದಲ್ಲಿ ಅದರ ಪಾಲು ನಮ್ಮ ಕೈಯಿಂದಲೂ ಹೋಗುತ್ತದೆ. ಆದ್ದರಿಂದ ಸಂಕೋಚ ಬೇಡ. ಮಹಾರಾಷ್ಟ್ರದಲ್ಲಿ 1967ರ ಕಾನೂನಿನಂತೆ, ಸಂಘಸಂಸ್ಥೆಗಳು ನಡೆಸುವ ಮಾನ್ಯತೆ ಪಡೆದ ವಾಚನಾಲಯಗಳಿಗೆ ಸರ್ಕಾರದ ಅನುದಾನವಿದೆ. ಮುಂಬಯಿ, ಪುಣೆಯ ಸಂಘಗಳು ತಮ್ಮ ವಾಚನಾಲಯದಲ್ಲೇ ಇದನ್ನು ನಡೆಸಬಹುದು.

ಕಥೆ ಹೇಳುವುದಕ್ಕೆ ಪಾಂಡಿತ್ಯ ಬೇಡ. ಬೆಳಕು ಹೇಳುವವರ ಮುಖದ ಮೇಲೆ ಬೀಳಬೇಕು, ಮಕ್ಕಳ ಕಣ್ಣಿಗಲ್ಲ. ಪುಸ್ತಕವನ್ನು ಪಕ್ಕಕ್ಕೆ ಹಿಡಿದು ಚಿತ್ರ ಕಾಣಿಸಬೇಕು. ಇಪ್ಪತ್ತು ನಿಮಿಷ ಮೀರಬಾರದು. ಮಕ್ಕಳು ಕೂಡಿ ಹೇಳುವ ಒಂದು ಮಾತೋ ತಟ್ಟುವ ಒಂದು ಸದ್ದೋ ಕಥೆಯಲ್ಲಿದ್ದರೆ ಒಳ್ಳೆಯದು. ಮುಗಿದ ಮೇಲೆ ಪರೀಕ್ಷೆ ಮಾಡಬಾರದು.

ಪುಸ್ತಕಕ್ಕೂ ಅಭಾವವಿಲ್ಲ. ಕನ್ನಡ 'ಚಂದಮಾಮ' 1949ರಿಂದ ಇದೇ ಮದರಾಸಿನಿಂದ ಹೊರಡುತ್ತಿತ್ತು. ಅದು ಈಗ ನಿಂತುಹೋಗಿದ್ದರೂ ಹಳೆಯ ಸಂಚಿಕೆಗಳು ಹಲವರ ಅಟ್ಟದ ಮೇಲಿವೆ. ಇಳಿಸಿ! ಚೆನ್ನೈಯ ತೂಲಿಕಾ ಪ್ರಕಾಶನ ಕನ್ನಡದಲ್ಲೂ ಚಿತ್ರಪುಸ್ತಕ ತರುತ್ತಿದೆ. ಇಂಗ್ಲಿಷ್ ಕನ್ನಡ ಎದುರುಬದುರಾಗಿರುವ ಪುಸ್ತಕಗಳೂ ಉಂಟು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು ಅಗ್ಗ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ಕಾಸಿಲ್ಲದೆ ಓದಬಹುದು, ಅಚ್ಚು ಹಾಕಿಕೊಳ್ಳಬಹುದು.

ಇವೆಲ್ಲಕ್ಕಿಂತ ದೊಡ್ಡ ಭಂಡಾರ ನಮ್ಮ ಹಿರಿಯರು. ಊರಿನಿಂದ ಬಂದ ಅಜ್ಜಿ ತಾತಂದಿರು ನಮ್ಮ ಮನೆಗಳಲ್ಲಿ ಭಾಷೆ ತಿಳಿಯದೆ, ಹೊತ್ತು ಹೋಗದೆ ಕಿಟಕಿಯ ಬಳಿ ಕುಳಿತಿರುತ್ತಾರೆ. ಅವರ ಕೈಹಿಡಿದು ಗ್ರಂಥಾಲಯಕ್ಕೆ ಕರೆತನ್ನಿ. ಅವರು ಹೇಳುವ ಕಥೆಯನ್ನು ಕೊನೆಯವರೆಗೂ ಕೇಳಿ, ಬರೆದಿಡಿ. ನಾನು ಮಾಡದೆ ಉಳಿದ ಕೆಲಸವದು.

ಕಡೆಯದಾಗಿ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ಗುಬ್ಬಕ್ಕ ಬಾಗಿಲು ತೆರೆದಳೋ, ಇಲ್ಲವೋ? ತಿಪಟೂರಿನ ಸೀಮೆಯವರು ಯಾರಾದರೂ ಇದ್ದರೆ ಸಂಘದ ವಿಳಾಸಕ್ಕೆ ಒಂದು ಕಾರ್ಡು ಬರೆದು ತಿಳಿಸುವ ಕೃಪೆ ಮಾಡಬೇಕು. ಮುಂದಿನ ತಿಂಗಳ ಮೊದಲ ಶನಿವಾರ ಮಕ್ಕಳು ಮತ್ತೆ ಕೇಳಲಿದ್ದಾರೆ.