ಹಳೆಯ ಮದ್ದು, ಹೊಸ ಮದ್ದು

ಉಡುಪಿಯಿಂದ ಕುಂದಾಪುರದ ಹೆದ್ದಾರಿ ಹಿಡಿದರೆ ಕಲ್ಯಾಣಪುರದ ಬಳಿ ಸಂತೆಕಟ್ಟೆ ಸಿಗುತ್ತದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಾಗಲಿ, ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಾಗಲಿ ಇಲ್ಲಿಂದ ದೂರವಲ್ಲ. ಮನೋರೋಗದ ಚಿಕಿತ್ಸೆಗೆ ಇಲ್ಲಿಯವರು ಪರಸ್ಥಳಕ್ಕೆ ಅಲೆಯಬೇಕಾಗಿಲ್ಲ. ಆದರೂ ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆಗೆ ತುತ್ತಾದವರ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು: "ಡಾಕ್ಟರು ಬರೆದಿರುವುದು ಹಳೆಯ ಮಾತ್ರೆಯಂತಲ್ಲ, ಹೊಸತು ಬಂದಿರುವಾಗ ಇದೇಕೆ?" ಈ ಸಂಶಯದಿಂದ ಮಾತ್ರೆಯನ್ನೇ ಬಿಟ್ಟರೆ ರೋಗ ಮರುಕಳಿಸುವ ಭಯವಿದೆ. ಆದುದರಿಂದ ಹಳತು ಹೊಸತುಗಳ ನಿಜವನ್ನು ಅರಿಯುವುದು ಲೇಸು.

ಹಳೆಯ ಮದ್ದುಗಳಲ್ಲಿ ಮೊದಲನೆಯದು ಕ್ಲೋರ್‌ಪ್ರೊಮಜೀನ್. ಫ್ರಾನ್ಸಿನಲ್ಲಿ ತಯಾರಾದ ಅದನ್ನು 1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ದಲೇ ಮತ್ತು ದೆನಿಕೇರ್ ಚಿತ್ತವಿಕಲರಿಗೆ ಕೊಟ್ಟು ಗುಣ ಕಂಡರು. 1958ರಲ್ಲಿ ಬೆಲ್ಜಿಯಂನ ಪೌಲ್ ಯಾನ್ಸೆನ್ನರ ಬಳಗ ಹ್ಯಾಲೊಪೆರಿಡಾಲನ್ನು ಸಿದ್ಧಪಡಿಸಿತು. ಇವು ಮೆದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕದ ಕಾರ್ಯವನ್ನು ತಡೆಯುತ್ತವೆ. ಇಲ್ಲದ ದನಿಗಳು ಕೇಳಿಸುವುದು, ಯಾರೋ ಕೇಡು ಬಗೆಯುತ್ತಿದ್ದಾರೆಂಬ ಭ್ರಮೆ ಇವೆಲ್ಲ ತಗ್ಗುತ್ತವೆ. ಆದರೆ ಕೈಕಾಲುಗಳ ಸಲೀಸಾದ ಚಲನೆಗೂ ಡೋಪಮೀನ್ ಬೇಕು. ಆದಕಾರಣ ನಡುಕ, ಮೈಬಿಗಿತ, ಕುಳಿತಲ್ಲಿ ಕೂರಲಾರದ ಚಡಪಡಿಕೆ ತಲೆದೋರಬಹುದು. ಬಹುಕಾಲ ಸೇವಿಸಿದ ಕೆಲವರಲ್ಲಿ ನಾಲಗೆ, ತುಟಿಗಳು ತಾವಾಗಿಯೇ ಅಲುಗಾಡುವುದೂ ಉಂಟು.

ರಿಸ್ಪೆರಿಡೋನ್, ಒಲಾಂಜಪೀನ್ ಮೊದಲಾದ ಹೊಸ ಮದ್ದುಗಳು 1990ರ ದಶಕದಲ್ಲಿ ಬಂದವು. ಇವುಗಳಿಂದ ನಡುಕ, ಬಿಗಿತ ಸಾಮಾನ್ಯವಾಗಿ ಕಡಿಮೆ. ಆದರೆ ಬೇರೊಂದು ಬಾಧೆ ಬಂದಿತು. ಒಲಾಂಜಪೀನ್ ಸೇವಿಸುವವರ ಹಸಿವು ಹೆಚ್ಚಿ, ಮೈ ತೂಕ ಏರಿ, ಸಕ್ಕರೆ ಕಾಯಿಲೆಗೂ ದಾರಿಯಾಗಬಹುದು.

ಹಾಗಾದರೆ ಯಾವುದು ಮೇಲು? ಅಮೆರಿಕದಲ್ಲಿ ಸುಮಾರು 1,500 ರೋಗಿಗಳನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಪರ್ಫೆನಜೀನ್ ಎಂಬ ಹಳೆಯ ಮದ್ದು ಹೊಸವುಗಳಲ್ಲಿ ಹೆಚ್ಚಿನವಕ್ಕೆ ಸರಿಸಮನಾಗಿ ನಿಂತಿತು. ಒಲಾಂಜಪೀನನ್ನು ರೋಗಿಗಳು ತುಸು ಹೆಚ್ಚು ಕಾಲ ಮುಂದುವರಿಸಿದರೂ ತೂಕ ಹೆಚ್ಚಿದ್ದೂ ಅದರಿಂದಲೇ. ಒಟ್ಟಿನಲ್ಲಿ ನೂರಕ್ಕೆ 74 ಮಂದಿ ಹದಿನೆಂಟು ತಿಂಗಳೊಳಗೆ ಮೊದಲು ಕೊಟ್ಟ ಮದ್ದನ್ನು ಬಿಟ್ಟಿದ್ದರು! ಎಲ್ಲರಿಗೂ ಒಗ್ಗುವ ಮದ್ದು ಯಾವುದೂ ಇರಲಿಲ್ಲ.

ಈ ಪಂಗಡಗಳ ನಡುವೆ ಕ್ಲೋಜಪೀನ್ ಒಂದು ವಿಚಿತ್ರ. 1970ರ ದಶಕದ ಆರಂಭದಲ್ಲೇ ಯೂರೋಪಿನಲ್ಲಿ ಬಳಕೆಗೆ ಬಂದ ಇದು, 1975ರಲ್ಲಿ ಫಿನ್ಲೆಂಡಿನಲ್ಲಿ ಕೆಲವರ ರಕ್ತದ ಬಿಳಿಯ ಕಣಗಳು ಕುಸಿದು ಸಾವು ಸಂಭವಿಸಿದ್ದರಿಂದ ಮೂಲೆಗೆ ಸರಿಯಿತು. ಬೇರೆ ಮದ್ದುಗಳಿಗೆ ಬಗ್ಗದ ರೋಗವೂ ಇದಕ್ಕೆ ಬಗ್ಗುತ್ತದೆಂದು 1988ರಲ್ಲಿ ಸಿದ್ಧವಾದ ಮೇಲೆ ಮರಳಿ ಬಂದಿತು. ಎರಡು ಮದ್ದುಗಳು ವಿಫಲವಾದವರಿಗೆ ಇಂದು ವೈದ್ಯರು ಇದನ್ನು ನೆನೆಯುತ್ತಾರೆ. ಆದರೆ ರಕ್ತಪರೀಕ್ಷೆಯನ್ನು ತಪ್ಪಿಸುವಂತಿಲ್ಲ.

ಹೊಸತೆಂಬ ಮೋಹಕ್ಕಿಂತ ಬಿಡದೆ ನಡೆಸುವ ಚಿಕಿತ್ಸೆ ಹೆಚ್ಚಿನದು. ಆಗುಂಬೆ ಘಟ್ಟದಾಚೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಹಳ್ಳಿಯ ರೋಗಿಗಳನ್ನು ಒಂದು ವರ್ಷ ಗಮನಿಸಿ 2009ರಲ್ಲಿ ವರದಿ ಮಾಡಿದರು. ಮದ್ದು ಪಡೆದವರು ದಿನನಿತ್ಯದ ಕೆಲಸಕಾರ್ಯಗಳಲ್ಲಿ ಚೇತರಿಸಿಕೊಂಡಿದ್ದರು. ಪಡೆಯದವರು ಇದ್ದಂತೆಯೇ ಇದ್ದರು.

ವೈದ್ಯರ ಬಳಿ ಹೋಗುವಾಗ ಮನೆಯವರು ಎರಡು ಸಂಗತಿಗಳನ್ನು ಮರೆಯದೆ ಹೇಳಬೇಕು: ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆಯೇ, ರೋಗಿಯ ನಡೆಯಲ್ಲಿ ನಡುಕ ಬಿಗಿತಗಳಿವೆಯೇ ಎಂದು. ತೂಕವನ್ನೂ ರಕ್ತದ ಸಕ್ಕರೆಯನ್ನೂ ಆಗಾಗ ನೋಡಿಸಬೇಕು. ಮದ್ದು ಒಗ್ಗದಿದ್ದರೆ ಬದಲಿಸಲು ದಾರಿಯುಂಟು. ಅದನ್ನು ವೈದ್ಯರ ಎದುರಿನಲ್ಲಿಯೇ ತೀರ್ಮಾನಿಸಬೇಕು.