ಕಾಡುಪಾಪ

ಕತ್ತಲಾಗಿದೆ. ಹಿತ್ತಿಲ ಹುಣಸೆ ಮರದ ಮೇಲೆ ಟಾರ್ಚು ಬಿಡುತ್ತೇವೆ. ಎರಡು ಕಣ್ಣುಗಳು ಕೆಂಪಗೆ ಹೊಳೆಯುತ್ತವೆ. "ಅಯ್ಯೋ, ದೆವ್ವ!" ಎಂದು ಹೆದರುತ್ತೇವೆ, ಅಲ್ವಾ?

ಅದು ದೆವ್ವ ಅಲ್ಲ, ಅಕ್ಕ. ಅದು ಕಾಡುಪಾಪ.

ಕಾಡುಪಾಪ ಕೋತಿಯ ದೂರದ ನೆಂಟ. ತೂಕ ಸುಮಾರು ಕಾಲು ಕಿಲೋ. ಬಾಲ ಇಲ್ಲ. ಕೈಕಾಲು ಕಡ್ಡಿಯ ಹಾಗೆ ಸಣ್ಣ. ಬೆರಳುಗಳು ಮಾತ್ರ ನಮ್ಮ ಬೆರಳಿನ ಹಾಗೆ ಕೊಂಬೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಹಗಲು ದಟ್ಟವಾದ ಪೊದೆಯಲ್ಲಿ ಉಂಡೆಯಾಗಿ ಮಲಗುತ್ತದೆ. ರಾತ್ರಿ ಎದ್ದು ಹುಳು ಹುಡುಕುತ್ತದೆ. ಇರುವೆ, ಗೆದ್ದಲು, ಜೀರುಂಡೆ ಅದರ ಊಟ. ಹುಳು ತಿನ್ನುವ ಜೀವ ರೈತರಿಗೆ ಗೆಳೆಯ ತಾನೇ?

ತಾಯಿ ಸುಮಾರು 5 ತಿಂಗಳು ಬಸಿರು ಹೊರುತ್ತದೆ. ಒಂದೋ ಎರಡೋ ಮರಿ ಹಾಕುತ್ತದೆ. ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಸ್ವಲ್ಪ ಬೆಳೆದ ಮೇಲೆ ತಾಯಿ ಅದನ್ನು ಕೊಂಬೆಯ ಮೇಲೆ ಬಿಟ್ಟು ಊಟಕ್ಕೆ ಹೋಗುತ್ತದೆ. ಮಗುವನ್ನು ಮನೆಯಲ್ಲಿ ಬಿಟ್ಟು ಕೂಲಿಗೆ ಹೋಗುವ ನಮ್ಮ ಹಾಗೇ!

ದೂರದ ಬೋರ್ನಿಯೋ, ಸುಮಾತ್ರ ದ್ವೀಪಗಳಲ್ಲಿ ಒರಾಂಗುಟಾನ್ ಎಂಬ ದೊಡ್ಡ ವಾನರ ಇದೆ. ಆ ಹೆಸರಿನ ಅರ್ಥ 'ಕಾಡಿನ ಮನುಷ್ಯ'. ನಮ್ಮದು 'ಕಾಡಿನ ಪಾಪು'. ಎರಡಕ್ಕೂ ಮರವೇ ಮನೆ. ಅಲ್ಲಿ ತಾಳೆ ಎಣ್ಣೆಯ ತೋಟಕ್ಕಾಗಿ ಕಾಡು ಕಡಿದರು. ಇಲ್ಲಿ ರಸ್ತೆಗೆ, ಸೈಟಿಗೆ ಮರ ಕಡಿಯುತ್ತಾರೆ.

ಕಾಡುಪಾಪಕ್ಕೆ ಕೋತಿಯ ಹಾಗೆ ಹಾರಲು ಬರೋದಿಲ್ಲ. ಒಂದು ಕೊಂಬೆ ಹಿಡಿದೇ ಇನ್ನೊಂದಕ್ಕೆ ಹೋಗಬೇಕು. ನಡುವೆ ಮರ ಕಡಿದರೆ ದಾರಿಯೇ ಹೋಯಿತು. ಆಗ ನೆಲಕ್ಕೆ ಇಳಿಯುತ್ತದೆ. ನಾಯಿ ಹಿಡಿಯುತ್ತದೆ. ಕರೆಂಟು ತಂತಿ ಹಿಡಿದು ಸಾಯುವುದೂ ಉಂಟು.

ಇನ್ನೊಂದು ಕಷ್ಟ ಮೂಢನಂಬಿಕೆ. ಮಾಟಕ್ಕೆ, ಮದ್ದಿಗೆ ಅದರ ಕಣ್ಣು ಬೇಕು ಎಂದು ಕೆಲವರು ಹಿಡಿಯುತ್ತಾರೆ. ಕಣ್ಣು ಕಿತ್ತರೆ ಯಾರ ರೋಗವೂ ವಾಸಿಯಾಗೋಲ್ಲ. ಪಾಪದ ಜೀವ ನರಳುತ್ತದೆ, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು ಅಪರಾಧ. ಜೈಲು ಶಿಕ್ಷೆ ಇದೆ.

ತುಮಕೂರು ಜಿಲ್ಲೆಯ ನಾಗವಲ್ಲಿಯಲ್ಲಿ ಕಾಡುಪಾಪ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲೂ ಇದೆ. ನಮ್ಮ ಬೇಲಿಯಲ್ಲಿ ಕಂಡರೆ ನಾವೇನು ಮಾಡೋಣ?

ಕಲ್ಲು ಹೊಡೆಯದಂತೆ ಮಕ್ಕಳಿಗೆ ಹೇಳೋಣ. ಬೇಲಿಯ ಗಿಡ ಬೇರುಸಮೇತ ಕೀಳುವುದು ಬೇಡ. ಗಾಯವಾಗಿದ್ದರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸೋಣ.

ರಾತ್ರಿ ಕಣ್ಣು ಹೊಳೆದರೆ ಇನ್ನು ಹೆದರಬೇಡಿ. ಒಬ್ಬ ತಾಯಿ ಮರಿಗಾಗಿ ಊಟ ಹುಡುಕುತ್ತಿರಬಹುದು.